ಚಿಗವ್ವ ನೋಡಿದ ಯುದ್ಧನೌಕೆ

ನಮ್ಮ ಹಾನಗಲ್ಲಿನಲ್ಲಿ ನೀರಿಗೇನೂ ಕೊರತೆಯಿಲ್ಲ. ಆನಿಕೆರೆ ಇದೆ, ಮಳೆಗಾಲದಲ್ಲಿ ಧರ್ಮಾ ನದಿ ತುಂಬುತ್ತದೆ. ಆದರೆ ಹಡಗು ಅಂದರೆ ನಮಗೆ ಟಿವಿಯಲ್ಲಿ ಕಂಡದ್ದೇ ಹಡಗು. ಹಿರೇಕೆರೂರು ತಾಲ್ಲೂಕಿನ ಹಳ್ಳಿಯಲ್ಲಿರುವ ನಮ್ಮ ಚಿಗವ್ವ ನಲವತ್ತೆಂಟು ವರ್ಷವಾದರೂ ಸಮುದ್ರವನ್ನೇ ಕಂಡವಳಲ್ಲ. ಅಂಥವಳ ಮಗ ಕಳೆದ ದೀಪಾವಳಿಗೆ ಮನೆಯವರೆಲ್ಲ ಕೂತಾಗ, "ಪಿಯುಸಿ ಮುಗಿಸಿ ನಾನು ನೇವಿ ಸೇರ್ತೇನಿ" ಅಂದುಬಿಟ್ಟ.

ನಮ್ಮ ಕಡೆ ಮಿಲಿಟರಿ ಸೇರುವುದು ಹೊಸದೇನಲ್ಲ. ನಾಲ್ಕು ಮನೆ ದಾಟಿದರೆ ಒಂದು ಮನೆಯಲ್ಲಿ ಯೋಧರ ಫೋಟೊ ಇರುತ್ತದೆ. ಆದರೆ ನೌಕಾಪಡೆ? ಕಾಕಾ ಏನೂ ಮಾತಾಡಲಿಲ್ಲ. ಚಿಗವ್ವ ಮಾತ್ರ ಕೈಯಲ್ಲಿದ್ದ ಹೋಳಿಗೆ ತಾಟು ಕೆಳಗಿಟ್ಟು, "ನೀರಿನ ಮ್ಯಾಲ ತಿಂಗಳಾನಗಟ್ಟಲೆ ಹೆಂಗ ಇರ್ತೀಯೋ? ಊಟ ಎಲ್ಲಿ, ನಿದ್ದಿ ಎಲ್ಲಿ? ಬ್ಯಾಡ" ಅಂದಳು. ಅಲ್ಲಿಗೆ ಮಾತು ನಿಂತಿತು. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಾನು ಸಾಫ್ಟ್‌ವೇರ್ ಕೆಲಸದವಳು. ಏನಾದರೂ ಕೆಟ್ಟರೆ ಮೊದಲು ಅದನ್ನು ತೆಗೆದು ನೋಡಬೇಕು ಅನ್ನುವುದು ನಮ್ಮ ಕೆಲಸದ ರೂಢಿ. ಹಾಗಾಗಿ ಫೋನಿನಲ್ಲಿ ಚಿಗವ್ವನಿಗೆ ಹೇಳಿದೆ: "ಬ್ಯಾಡ ಅನ್ನೂದಿದ್ರ ಅನ್ನು. ಆದ್ರ ಒಮ್ಮೆ ಹಡಗು ನೋಡಿ ಅನ್ನು. ಕಾರವಾರದಾಗ ಒಂದು ಖರೇ ಯುದ್ಧನೌಕೆ ದಂಡಿ ಮ್ಯಾಲ ನಿಲ್ಲಿಸ್ಯಾರ. ಒಳಗ ಬಿಡ್ತಾರ."

ಒಳಗೆ ಬಿಡುತ್ತಾರೆ ಅಂದದ್ದಕ್ಕೇ ಅವಳು ಒಪ್ಪಿದ್ದು.

ಘಟ್ಟ ಇಳಿದ ಬಸ್ಸು

ಜನವರಿಯಲ್ಲಿ ಸಂಕ್ರಾಂತಿ ಮುಗಿದ ಮೇಲೆ ಹೊರಟೆವು. ನಾನು, ಅವ್ವ, ಚಿಗವ್ವ, ತಮ್ಮ. ಕಾರು ಮಾಡೋಣ ಅಂದರೆ ಅವ್ವ, ಚಿಗವ್ವ ಇಬ್ಬರೂ ಬಿಡಲಿಲ್ಲ. "ಆಧಾರ್ ಕಾರ್ಡ್ ಇರೂವಾಗ ಕಾರ್ ಯಾಕ?" ಅನ್ನುವುದು ಅವರ ವಾದ. ಶಕ್ತಿ ಯೋಜನೆಯಲ್ಲಿ ನಮ್ಮ ಮೂವರಿಗೂ ಶೂನ್ಯ ಟಿಕೆಟ್, ತಮ್ಮನೊಬ್ಬನಿಗೇ ಚಾರ್ಜು. ಹಾನಗಲ್ಲಿನಿಂದ ಶಿರಸಿ, ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಅಂಕೋಲಾ ಮೇಲೆ ಕಾರವಾರ. ಎಲ್ಲ ಸೇರಿ ನೂರೆಪ್ಪತ್ತು ಕಿಲೋಮೀಟರಿನ ಆಸುಪಾಸು. ಬಸ್ಸು ಬದಲಿಸುತ್ತ, ಚಹಾ ಕುಡಿಯುತ್ತ ಹೋದರೆ ಇಡೀ ದಿನವೇ ಹಿಡಿಯುತ್ತದೆ ಅಂದುಕೊಳ್ಳಿ.

ಕುಮಟಾ ಬಿಟ್ಟು ಅಂಕೋಲಾ ಕಡೆ ಬರುವಾಗ ಗಂಗಾವಳಿ ನದಿಯ ಪಕ್ಕ ಶಿರೂರು ಬಂತು. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯನ್ನೇ ನದಿಗೆ ತಳ್ಳಿದ ಜಾಗ. ಯಾರೋ ಕಿಟಕಿಯಿಂದ ಕೈ ಮಾಡಿ ತೋರಿಸಿದರು. ಬಸ್ಸಿನೊಳಗೆ ಮಾತು ನಿಂತಿತು. ಚಿಗವ್ವ ಕೈ ಮುಗಿದಳು. ಆಮೇಲೆ ಮೆಲ್ಲಗೆ, "ಭೂಮಿ ಮ್ಯಾಲ ಇದ್ದವರಿಗೂ ಗ್ಯಾರಂಟಿ ಇಲ್ಲ ಬಿಡು" ಅಂದಳು. ಅವಳ ಮನಸ್ಸಿನಲ್ಲಿ ಲೆಕ್ಕ ನಡೆದೇ ಇದೆ ಅಂತ ನನಗೆ ಗೊತ್ತಾಯಿತು.

ಅಂಕೋಲಾ ದಾಟಿ ಕಾರವಾರ ಹತ್ತಿರ ಬಂದಂತೆ ರಸ್ತೆ ಪಕ್ಕ ಉದ್ದಕ್ಕೆ ಗೋಡೆ, ಗೇಟು, ಕಾವಲು. ಅದು ಐಎನ್‌ಎಸ್ ಕದಂಬ, ನೌಕಾಪಡೆಯ ನೆಲೆ. ಸೀಬರ್ಡ್ ಯೋಜನೆ ಅಂತ ಪೇಪರಿನಲ್ಲಿ ಓದಿರುತ್ತೀರಲ್ಲ, ಅದೇ. ಹೆಸರು ಕೇಳಿ ಅವ್ವ, "ಕದಂಬ ಅಂದ್ರ ನಮ್ಮ ಕದಂಬರೇನು?" ಅಂತ ಕೇಳಿದಳು. ಬನವಾಸಿಯ ಕದಂಬರ ಹೆಸರೇ. ಅವರ ವಂಶದ ಹೆಸರು ಹೇಳಿಕೊಂಡ ಒಂದು ಶಾಖೆ ನಮ್ಮ ಹಾನಗಲ್ಲಿನಿಂದ ಆಳಿತು, ಇನ್ನೊಂದು ಗೋವೆಯಿಂದ ಆಳಿ ಸಮುದ್ರದಲ್ಲಿ ಹಡಗು ಓಡಿಸಿತು. ಹಳೆ ಗೋವಾದ ಮ್ಯೂಸಿಯಮ್ಮಿನಲ್ಲಿ ಹಡಗಿನ ಕಾಳಗ ಕೆತ್ತಿದ ವೀರಗಲ್ಲು ಇದೆ. ಇದನ್ನು ಹೇಳಿದಾಗ ತಮ್ಮ ಎದೆ ಉಬ್ಬಿಸಿ ಅವ್ವನ ಕಡೆ ನೋಡಿದ. ಚಿಗವ್ವ ಕಿಟಕಿ ಹೊರಗೆ ನೋಡಿದಳು.

ಬೀಚಿಗೆ 300 ಮೀಟರ್

ಈಗ ನನ್ನ ತಪ್ಪಿನ ಕಥೆ. ಉಳಿಯುವ ಜಾಗ ಹುಡುಕುವ ಕೆಲಸ ನನ್ನದಾಗಿತ್ತು. ಆ್ಯಪ್‌ನಲ್ಲಿ 'ಬೀಚಿಗೆ 300 ಮೀಟರ್' ಅಂತ ಇದ್ದ ಒಂದು ಲಾಡ್ಜಿನಲ್ಲಿ ಎರಡು ರೂಮು ಬುಕ್ ಮಾಡಿದ್ದೆ. ಹೋಗಿ ನೋಡಿದರೆ ಅದು ಮ್ಯಾಪಿನ ಮೇಲೆ ಗೆರೆ ಎಳೆದ ದೂರ. ನಡುವೆ ನಾಲ್ಕು ಲೇನಿನ ಹೆದ್ದಾರಿ. ದಾಟುವ ಜಾಗಕ್ಕೆ ಸುತ್ತು ಹಾಕಿ ಹೋಗಬೇಕು. ರೂಮು ಮೂರನೇ ಮಹಡಿಯಲ್ಲಿ, ಲಿಫ್ಟು ಇಲ್ಲ. ಅವ್ವನಿಗೆ ಮೊಣಕಾಲು ನೋವು. 'ಸೀ ವ್ಯೂ' ಅಂದಿದ್ದ ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕು.

"ಇದರಾಗೂ ನೀರೇ ಐತಲ್ಲ" ಅಂತ ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ದಿನವಿಡೀ ಇಂಥ ಆ್ಯಪ್‌ಗಳ ಹಿಂದಿನ ಕೋಡು ಬರೆಯುವವಳು ನಾನು. ಆ ದೂರವನ್ನು ಹೇಗೆ ಲೆಕ್ಕ ಹಾಕಿರುತ್ತಾರೆ ಅಂತ ನನಗೇ ಹೊಳೆಯಬೇಕಿತ್ತು. ಒಂದು ಫೋನ್ ಮಾಡಿ, "ಲಿಫ್ಟ್ ಐತೇನ್ರಿ, ನಡಕೊಂಡು ಹೋದ್ರ ಎಷ್ಟು ಹೊತ್ತು?" ಅಂತ ಕೇಳಿದ್ದರೆ ಮುಗಿಯುತ್ತಿತ್ತು. ಹೇಗೋ ಒಂದು ರಾತ್ರಿ ಕಳೆದೆವು. ಮನೆಯಿಂದ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇತ್ತು. ಬೆಳಿಗ್ಗೆಯೇ ಎದ್ದು ಹಡಗಿನ ಕಡೆ ನಡೆದೆವು.

ಮರಳಿನ ಮೇಲೆ 'ಚಪಲ್'

ಕಾರವಾರದ ಈ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರು. ಅವರ ಅಣ್ಣ ಸತ್ಯೇಂದ್ರನಾಥರು ಐಸಿಎಸ್ ಪಾಸಾದ ಮೊದಲ ಭಾರತೀಯರು, ಇಲ್ಲಿ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ ಇಪ್ಪತ್ತರ ಹರೆಯದ ರವೀಂದ್ರರು ಅಣ್ಣನ ಮನೆಗೆ ಬಂದು ಇದ್ದು ಹೋದರು. ಇಲ್ಲೇ ಅವರು 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದದ್ದು. ಅವರ ಹೆಸರಿನ ದಂಡೆಯ ಮೇಲೆ ಈಗ ಬೂದು ಬಣ್ಣದ ಒಂದು ಯುದ್ಧನೌಕೆ ನಿಂತಿದೆ. ಮೈಮೇಲೆ ಕೆ-94 ಅನ್ನುವ ಸಂಖ್ಯೆ. ಅದೇ ಐಎನ್‌ಎಸ್ ಚಪಲ್.

ಸಿನಿಮಾದ ಹಡಗು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಮೊದಲ ನೋಟಕ್ಕೆ ನಿರಾಸೆ ಆಗಬಹುದು. ಇದು ಸಣ್ಣದು. ಸುಮಾರು 38 ಮೀಟರ್ ಉದ್ದ, ಏಳೂವರೆ ಮೀಟರ್ ಅಗಲ. ಸೋವಿಯತ್ ಒಕ್ಕೂಟದಿಂದ ಬಂದ ಕ್ಷಿಪಣಿ ದೋಣಿ, ಅಂದರೆ ಮಿಸೈಲ್ ಬೋಟ್. ಎರಡೂ ಬದಿಗೆ ಎರಡೆರಡರಂತೆ ನಾಲ್ಕು ದೊಡ್ಡ ಕೊಳವೆಯಂಥ ಪೆಟ್ಟಿಗೆಗಳಿವೆ. ಕ್ಷಿಪಣಿ ಇರುತ್ತಿದ್ದದ್ದು ಅವುಗಳಲ್ಲಿ. ಮುಂದೊಂದು, ಹಿಂದೊಂದು ಜೋಡಿ ನಳಿಗೆಯ ತೋಪು. ಹೊಟ್ಟೆಯಲ್ಲಿ ಮೂರು ಡೀಸೆಲ್ ಎಂಜಿನ್. ಓಡಿದರೆ ಗಂಟೆಗೆ 65 ಕಿಲೋಮೀಟರಿಗೂ ಹೆಚ್ಚು ವೇಗ. ನೀರಿನ ಮೇಲೆ ಅದು ಎಂಥ ವೇಗ ಅಂತ ನಮ್ಮ ಘಟ್ಟದ ಬಸ್ಸಿನಲ್ಲಿ ಕೂತು ಬಂದವರಿಗೆ ಬೇರೆ ಹೇಳಬೇಕಿಲ್ಲ.

ಹೊರಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದ ಒಬ್ಬರು ತಮ್ಮ ಮಕ್ಕಳಿಗೆ, "ಇದೇ ನೋಡ್ರಿ ಎಪ್ಪತ್ತೊಂದರ ಯುದ್ಧದಾಗ ಕರಾಚಿಗೆ ಬೆಂಕಿ ಹಚ್ಚಿದ ಹಡಗು" ಅಂತ ಹೇಳುತ್ತಿದ್ದರು. ಈ ಮಾತು ತುಂಬ ಕಡೆ ಕೇಳಿಬರುತ್ತದೆ. ಆದರೆ ಚಪಲ್ ನೌಕಾಪಡೆಗೆ ಸೇರಿದ್ದೇ 1976ರ ನವೆಂಬರಿನಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ದಾಳಿ ಮಾಡಿದ್ದು ಇದರ ಅಕ್ಕಂದಿರು ಅನ್ನಬಹುದಾದ ನಿಪಟ್, ನಿರ್ಘಾಟ್, ವೀರ್ ಅನ್ನುವ ದೋಣಿಗಳು. ಮೂಲದಲ್ಲಿ ದಂಡೆಯ ಹತ್ತಿರ ಕಾವಲಿಗೆಂದು ಮಾಡಿದವು, ದೂರ ಹೋಗಲು ಇಂಧನ ಸಾಲದು. ಆದ್ದರಿಂದ ದಾರಿಯ ಒಂದಷ್ಟು ಭಾಗ ಬೇರೆ ಹಡಗಿಗೆ ಕಟ್ಟಿ ಎಳೆದುಕೊಂಡು ಹೋಗಿ, ಆಮೇಲೆ ದಾಳಿಗೆ ಬಿಟ್ಟರು. ಪಾಕಿಸ್ತಾನದ 'ಖೈಬರ್' ಎಂಬ ಯುದ್ಧನೌಕೆ ಆ ರಾತ್ರಿ ಮುಳುಗಿತು. ಅದರ ನೆನಪಿಗೇ ಡಿಸೆಂಬರ್ 4 ನಮ್ಮ ನೌಕಾಪಡೆ ದಿನ. ಆ ಯಶಸ್ಸು ನೋಡಿದ ಮೇಲೆ ತರಿಸಿಕೊಂಡ ಸುಧಾರಿತ ಮಾದರಿಯ ದೋಣಿಗಳಲ್ಲಿ ಚಪಲ್ ಒಂದು.

ತಮ್ಮನಿಗೆ ಇದೆಲ್ಲ ಬಾಯಿಪಾಠ. ಅವನು ಹೇಳುತ್ತ ಹೋದ, ಚಿಗವ್ವ ಕೇಳುತ್ತ ಬಂದಳು. "ಹಂಗಾದ್ರ ಇದು ಯುದ್ಧನ ಮಾಡಲಿಲ್ಲೇನು?" ಅಂತ ಕೇಳಿದಳು. "ಇಲ್ಲಬೇ. ಇಪ್ಪತ್ತೆಂಟೊರ್ಷ ಕಾವಲು ಕಾದೈತಿ." ಅದಕ್ಕವಳು, "ಕಾವಲು ಕಾಯೂದೂ ಕೆಲಸನ. ಹೊಲ ಕಾದವರಿಗೆ ಗೊತ್ತು" ಅಂದಳು. 2005ರ ಮೇ ತಿಂಗಳಿನಲ್ಲಿ ಚಪಲ್ ನಿವೃತ್ತಿ ಆಯಿತು. ಅದೇ ತಿಂಗಳ ಕೊನೆಗೆ ಕದಂಬ ನೆಲೆ ಅಧಿಕೃತವಾಗಿ ಶುರುವಾಯಿತು. ಮುಂದಿನ ವರ್ಷ, 2006ರಲ್ಲಿ, ಹಡಗು ಈ ದಂಡೆಗೆ ಬಂದು ಮ್ಯೂಸಿಯಂ ಆಯಿತು.

ಹಡಗನ್ನು ಉಳಿಸಿಕೊಳ್ಳುವುದು ಸಣ್ಣ ಮಾತಲ್ಲ. ನಮ್ಮ ಮೊದಲ ವಿಮಾನವಾಹಕ ನೌಕೆ ವಿಕ್ರಾಂತ್ 1997ರಲ್ಲಿ ನಿವೃತ್ತಿಯಾಗಿ ಮುಂಬೈಯಲ್ಲಿ ಕೆಲವು ವರ್ಷ ಮ್ಯೂಸಿಯಂ ಆಗಿತ್ತು. ನಿರ್ವಹಣೆ ಆಗದೆ ಕೊನೆಗೆ 2014ರಲ್ಲಿ ಒಡೆದು ಗುಜರಿಗೆ ಹಾಕಿದರು. ವಿಶಾಖಪಟ್ಟಣದಲ್ಲಿ ಕುರ್ಸುರಾ ಎಂಬ ಸಬ್‌ಮರೀನ್ ದಂಡೆಯ ಮೇಲೆ ಉಳಿದಿದೆ. ನಮ್ಮ ರಾಜ್ಯದಲ್ಲಿ ಮಿಸೈಲ್ ಬೋಟಿನ ಹೊಟ್ಟೆಯೊಳಗೆ ಹೊಕ್ಕು ನೋಡಬೇಕೆಂದರೆ ಕಾರವಾರಕ್ಕೇ ಬರಬೇಕು.

ಒಳಗಿನ ಸಂಸಾರ

ಟಿಕೆಟ್ ತೆಗೆದುಕೊಂಡು ಒಳಗೆ ಹೋದೆವು. ಬಹಳ ಜನ ಡೆಕ್ಕಿನ ಮೇಲೆ ಒಂದು ಸುತ್ತು ಹಾಕಿ ಸೆಲ್ಫಿ ತೆಗೆದುಕೊಂಡು ಇಳಿದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಹಡಗಿನಲ್ಲಿ ನೋಡಬೇಕಾದದ್ದು ಒಳಗಿದೆ.

ಮೂವತ್ತರ ಆಸುಪಾಸು ಮಂದಿ ಈ ದೋಣಿಯಲ್ಲಿ ಇರುತ್ತಿದ್ದರು. ಅವರು ಹೇಗಿದ್ದರು ಅಂತ ತೋರಿಸಲು ಸಮವಸ್ತ್ರ ತೊಡಿಸಿದ ಗೊಂಬೆಗಳನ್ನು ಇಟ್ಟಿದ್ದಾರೆ. ಬಾಗಿಲು ಅಂದರೆ ಬಾಗಿ ಹೋಗುವ ಕಿಂಡಿ. ಮೆಟ್ಟಿಲು ಅಂದರೆ ನೆಟ್ಟಗಿನ ಏಣಿ. ಒಂದರ ಮೇಲೊಂದು ಹಾಸಿಗೆ, ಹೊರಳಿದರೆ ತಲೆಗೆ ಕಬ್ಬಿಣ. ಕೈ ಚಾಚಿದರೆ ಎರಡೂ ಕಡೆ ಪೈಪು, ವೈರು, ಮೀಟರು. ಎಂಜಿನ್ ನಿಂತು ಇಪ್ಪತ್ತು ವರ್ಷವಾದರೂ ಒಳಗೆ ಸೆಕೆ. ಇದು ಓಡುವಾಗ ಮೂರು ಎಂಜಿನ್ನಿನ ಸದ್ದು, ಡೀಸೆಲ್ ವಾಸನೆ, ಮೇಲೆ ಅಲೆಯ ಹೊಡೆತ ಹೇಗಿದ್ದೀತು?

ಎಸಿ ಆಫೀಸಿನಲ್ಲಿ ಕುರ್ಚಿ ಸರಿಯಿಲ್ಲ ಅಂತ ಮೇಲ್ ಹಾಕಿದವಳು ನಾನು. ಅಲ್ಲಿ ನಿಂತಾಗ ನಾಚಿಕೆ ಆಯಿತು.

ಅವ್ವ ಮೊಣಕಾಲಿನ ನೋವಿಗೆ ಮೇಲೆಯೇ ಕೂತಳು. ಚಿಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಇಳಿದಳು. ಒಂದೊಂದು ಮೂಲೆಯನ್ನೂ ನೋಡಿದಳು. ಹಾಸಿಗೆ ಮೇಲೆ ಕೈ ಇಟ್ಟು ಅಗಲ ಅಳೆದಳು. "ಎರಡು ಗೇಣು ಮ್ಯಾಲ ನಾಕು ಬಟ್ಟು" ಅಂದಳು. ತಮ್ಮನ ಭುಜದ ಕಡೆ ಒಮ್ಮೆ ನೋಡಿದಳು. "ಅಡಗಿ ಎಲ್ಲಿ ಮಾಡ್ತಾರ?" "ಕುಡಿಯೂ ನೀರು ಎಷ್ಟು ಕೊಡ್ತಾರ?" "ಜ್ವರ ಬಂದ್ರ ಯಾರು ನೋಡ್ತಾರ?" ಅಂತ ಅಲ್ಲಿದ್ದ ಸಿಬ್ಬಂದಿಯನ್ನು ಕೇಳುತ್ತಲೇ ಹೋದಳು. ಅವರು ಬೇಸರಿಸಿಕೊಳ್ಳದೆ ಹೇಳಿದರು. ಇದು ಸಣ್ಣ ದೋಣಿ, ಇಂಥವು ಹೆಚ್ಚು ದಿನ ಸಮುದ್ರದಲ್ಲಿ ಇರುವುದಿಲ್ಲ. ದೊಡ್ಡ ಹಡಗುಗಳಲ್ಲಿ ಡಾಕ್ಟರು, ದೊಡ್ಡ ಅಡುಗೆಮನೆ ಎಲ್ಲ ಇರುತ್ತದೆ ಅಂದರು. ಚಿಗವ್ವ ತಲೆಯಾಡಿಸಿದಳು. ಹೌದು, ಬೇಡ ಎರಡೂ ಅನ್ನಲಿಲ್ಲ.

ಇಳಿಯುವ ಮೊದಲು ಹಡಗಿನ ಕಬ್ಬಿಣ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಊರಲ್ಲಿ ವೀರಗಲ್ಲಿಗೆ ನಾವೆಲ್ಲ ಮಾಡುವುದು ಹಾಗೆಯೇ.

ಪಕ್ಕದಲ್ಲೇ ಈಗ ನೌಕಾಪಡೆಯ ಟುಪೊಲೆವ್-142 ವಿಮಾನವನ್ನೂ ತಂದು ನಿಲ್ಲಿಸಿದ್ದಾರೆ. 1988ರಿಂದ 2017ರವರೆಗೆ ಸಮುದ್ರದ ಮೇಲೆ ಗಸ್ತು ತಿರುಗಿ, ಸಬ್‌ಮರೀನ್ ಹುಡುಕುತ್ತಿದ್ದ ಮಾದರಿ ಇದು. ಐವತ್ತು ಮೀಟರಿಗೂ ಮಿಕ್ಕಿದ ಉದ್ದ, ಅಂದರೆ ಹಡಗಿಗಿಂತ ವಿಮಾನವೇ ದೊಡ್ಡದು. ಮಕ್ಕಳನ್ನು ಕರೆದುಕೊಂಡು ಹೋದವರು ಇಲ್ಲಿ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ನಮ್ಮ ಅವ್ವ ಅದರ ರೆಕ್ಕೆಯ ನೆರಳಲ್ಲಿ ಕೂತು ಬಾಳೆಹಣ್ಣು ಹಂಚಿದಳು.

ಎರಡನೇ ರಾತ್ರಿಯ ಮನೆ

ಆ ಲಾಡ್ಜಿನಲ್ಲಿ ಇನ್ನೊಂದು ರಾತ್ರಿ ಬೇಡ ಅಂತ ನಿರ್ಧಾರವಾಗಿತ್ತು. ಈ ಸಲ ಆ್ಯಪ್ ಮುಚ್ಚಿಟ್ಟು, ಚಹಾದಂಗಡಿಯವರನ್ನೇ ಕೇಳಿದೆವು. ಕಾಳಿ ನದಿ ದಾಟಿದರೆ ಸದಾಶಿವಗಡ, ದೇವಬಾಗ ಕಡೆ ಹೋಮ್‌ಸ್ಟೇ ಇವೆ ಅಂದರು. ಮೊದಲು ಫೋನ್ ಮಾಡಿದೆ. ಕೆಳಗಿನ ರೂಮು, ಭಾರತೀಯ ಮತ್ತು ಕಮೋಡ್ ಎರಡೂ ಶೌಚಾಲಯ, ಹೇಳಿದರೆ ಶಾಕಾಹಾರದ ಊಟ. ಆಟೊ ಹತ್ತಿ ಹೊರಟೆವು. ಕಾಳಿ ಸೇತುವೆ ಮೇಲೆ ಬರುವಾಗ ಆಟೊದವರು, 2024ರ ಆಗಸ್ಟ್‌ನಲ್ಲಿ ಹಳೆ ಸೇತುವೆ ಕುಸಿದು ಬಿದ್ದ ಜಾಗ ತೋರಿಸಿದರು.

ಆ ಮನೆಯ ಯಜಮಾನತಿಗೆ ಅರವತ್ತರ ಹತ್ತಿರ. ರಾತ್ರಿ ಗಂಜಿ, ತೊವ್ವೆ, ಕೋಕಂ ಕಡಿ ಬಡಿಸುತ್ತ ನಾವು ಬಂದ ಕಾರಣ ಕೇಳಿದರು. ನೇವಿ ಅಂದ ಕೂಡಲೇ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಊರು ಈಗ ಅವರ ಗೇಟಿನ ಒಳಗೆ ಇದೆ" ಅಂದರು.

ಸೀಬರ್ಡ್‌ಗೆ ಅಡಿಗಲ್ಲು ಬಿದ್ದದ್ದು 1986ರಲ್ಲಿ, ರಾಜೀವ್ ಗಾಂಧಿ ಪ್ರಧಾನಿಯಾಗಿದ್ದಾಗ. ನೆಲೆಗಾಗಿ ಕಾರವಾರ, ಅಂಕೋಲಾ ಕಡೆಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನು ಹಿಡಿಯುವ ದಂಡೆ ಬಿಟ್ಟು ಎದ್ದು ಬಂದವು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದವರಿದ್ದಾರೆ. ಈಕೆ ಮದುವೆಯಾಗಿ ಬಂದ ಮನೆಯೂ ಅದರಲ್ಲಿ ಹೋಯಿತಂತೆ. "ತೆಂಗಿನ ಮರ ಏಳಿದ್ದವು. ಅದನ್ನು ಬಿಟ್ಟು ಬರುವಾಗ ಹೆಚ್ಚು ಅಳು ಬಂತು" ಅಂದರು. ಆಮೇಲೆ, "ನಮ್ಮ ಭಾವನ ಮಗ ಈಗ ಅದೇ ಗೇಟಿನ ಒಳಗೆ ಕೆಲಸಕ್ಕೆ ಹೋಗುತ್ತಾನೆ. ಸಿಟ್ಟು ಇಟ್ಟುಕೊಂಡು ಊಟ ಆಗುವುದಿಲ್ಲ ಅಲ್ಲವಾ?" ಅಂತ ಸಾರು ಬಡಿಸಿದರು.

ಚಿಗವ್ವ, ಆಕೆ ರಾತ್ರಿ ಎಷ್ಟೋ ಹೊತ್ತಿನ ತನಕ ಜಗುಲಿಯಲ್ಲಿ ಕೂತು ಮಾತಾಡಿದರು. ಒಬ್ಬರದು ಕೊಂಕಣಿ ಬೆರೆತ ಕನ್ನಡ, ಒಬ್ಬರದು ನಮ್ಮ ಗಡಸು ಕನ್ನಡ. ಏನು ಮಾತಾಡಿದರೋ ನನಗೆ ಪೂರ್ತಿ ಕೇಳಲಿಲ್ಲ. ನಾನು ಒಳಗೆ ತಮ್ಮನ ಜೊತೆ ಕೂತು ಬೇರೆ ಲೆಕ್ಕ ಹಾಕುತ್ತಿದ್ದೆ. ಅಗ್ನಿವೀರ ಆಗಿ ಸೇರಿದರೆ ನಾಲ್ಕು ವರ್ಷ. ಒಡಿಶಾದ ಚಿಲ್ಕಾದಲ್ಲಿ ತರಬೇತಿ. ನಾಲ್ಕು ವರ್ಷದ ಮೇಲೆ ಮುಂದುವರಿಸಿಕೊಳ್ಳುವುದು ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬರನ್ನು, ಉಳಿದವರಿಗೆ ಒಂದು ಮೊತ್ತ ಕೊಟ್ಟು ಕಳಿಸುತ್ತಾರೆ, ಪಿಂಚಣಿ ಇಲ್ಲ. ಸೈನ್ಸ್ ಓದಿದವರಿಗೆ ಇನ್ನೊಂದು ದಾರಿ ಇದೆ: ಜೆಇಇ ಮೇನ್ ರ‍್ಯಾಂಕಿನ ಮೇಲೆ ಸಂದರ್ಶನಕ್ಕೆ ಕರೆದು, ಆಯ್ಕೆಯಾದರೆ ಕೇರಳದ ಎಳಿಮಲದ ನೌಕಾ ಅಕಾಡೆಮಿಯಲ್ಲಿ ಬಿ.ಟೆಕ್ ಓದಿಸಿ ಅಧಿಕಾರಿ ಮಾಡುತ್ತಾರೆ. ಇದು ತಮ್ಮನಿಗೆ ಗೊತ್ತೇ ಇರಲಿಲ್ಲ. ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲವಂತೆ.

ಬೆಳಿಗ್ಗೆ ಬಸ್ಸಿನಲ್ಲಿ ದೇವಿಮನೆ ಘಟ್ಟ ಹತ್ತುವಾಗ ಚಿಗವ್ವ ತಾನಾಗಿಯೇ ಬಾಯಿಬಿಟ್ಟಳು.

"ತಮ್ಮಾ, ಫಾರ್ಮ್ ತುಂಬು. ಅಕ್ಕ ಹೇಳಿದ ಆ ದೊಡ್ಡ ಪರೀಕ್ಷಾನೂ ಬರಿ. ಆದ್ರ ಇಲ್ಲಿ ಡಿಗ್ರಿ ಫಾರ್ಮೂ ತುಂಬಬೇಕು. ನಾಲ್ಕೊರ್ಷದ ಮ್ಯಾಲ ಏನು ಅಂತ ನನಗ ಕಾಗದದಾಗ ಬರದು ತೋರಿಸಬೇಕು."

ತಮ್ಮ ಮಾತಾಡಲಿಲ್ಲ. ಅವ್ವನ ಕೈಚೀಲ ತೆಗೆದು ತನ್ನ ತೊಡೆ ಮೇಲೆ ಇಟ್ಟುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಚಿಗವ್ವ ಮತ್ತೆ, "ಎರಡು ಗೇಣು ಮ್ಯಾಲ ನಾಕು ಬಟ್ಟು. ಈಗಿಂದನ ಹೊರಳೂದು ಬಿಡು" ಅಂದಳು. ಇಡೀ ಬಸ್ಸಿಗೆ ಕೇಳುವಂತೆ ಅವ್ವ ನಕ್ಕಳು.

ನೀವೂ ಹೊರಡುವುದಾದರೆ

* ಹಾನಗಲ್ಲಿನಿಂದ ಶಿರಸಿ–ಕುಮಟಾ–ಅಂಕೋಲಾ ಮೇಲೆ ಹೋಗುವುದು ನೇರ. ಹಿರೇಕೆರೂರಿನವರು ಹಾನಗಲ್ಲಿಗೆ ಬಂದು ಇದೇ ದಾರಿ ಹಿಡಿಯಬಹುದು. ಶಿಗ್ಗಾವಿ, ಸವಣೂರಿನವರಿಗೆ ಬಂಕಾಪುರ–ಮುಂಡಗೋಡ–ಯಲ್ಲಾಪುರ ಮೇಲೆ ಅರಬೈಲು ಘಟ್ಟ ಇಳಿದು ಅಂಕೋಲಾ ಸೇರುವುದು ಅನುಕೂಲ.

* ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಘಟ್ಟದ ರಸ್ತೆಗಳು ಬಂದ್ ಆಗುವುದುಂಟು, ಬಸ್ ನಿಲ್ದಾಣದಲ್ಲಿ ವಿಚಾರಿಸಿಯೇ ಹೊರಡಿ.

* ಮ್ಯೂಸಿಯಂ ತೆರೆದಿರುವ ವಾರ, ಸಮಯ ಮೊದಲೇ ಕೇಳಿಕೊಳ್ಳಿ. ದೂರದಿಂದ ಬಂದು ಬಾಗಿಲು ನೋಡಿ ಹೋಗುವುದು ಬೇಡ. ಒಳಗೆ ಏಣಿ, ಕಿರಿದಾದ ದಾರಿ ಇದೆ. ಮೊಣಕಾಲು ನೋವಿನವರು, ಎಳೆಮಕ್ಕಳ ತಾಯಂದಿರು ಮೇಲಿನ ಡೆಕ್ಕಿನಲ್ಲೇ ಇದ್ದರೆ ಒಳ್ಳೆಯದು.

* ಕಡಿಮೆ ಖರ್ಚಿನ ಲಾಡ್ಜುಗಳು ಬಸ್ ನಿಲ್ದಾಣದ ಸುತ್ತಮುತ್ತ ಸಿಗುತ್ತವೆ. ಅಲ್ಲಿಂದ ಹಡಗಿಗೆ ಆಟೊ ಸಾಕು. ಮನೆಮಂದಿಯೆಲ್ಲ ಹೋದರೆ ಸದಾಶಿವಗಡ, ದೇವಬಾಗ, ಮಾಜಾಳಿ ಕಡೆಯ ಹೋಮ್‌ಸ್ಟೇ ಆರಾಮ. ಖರ್ಚಿಗೆ ಹಿಂಜರಿಯದವರಿಗೆ ದೇವಬಾಗದಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ರೆಸಾರ್ಟ್ ಇದೆ. ಶನಿವಾರ, ಭಾನುವಾರ ಗೋವಾ ಕಡೆಗೆ ಹೋಗಿಬರುವವರ ಗದ್ದಲ ಹೆಚ್ಚು, ದರವೂ ಏರುತ್ತದೆ.

* ಬುಕ್ ಮಾಡುವ ಮೊದಲು ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ: ಯಾವ ಮಹಡಿ, ಲಿಫ್ಟ್ ಇದೆಯೇ, ನಡೆದು ಹೋದರೆ ಎಷ್ಟು ಹೊತ್ತು, ಶಾಕಾಹಾರದ ಊಟ ಸಿಗುತ್ತದೆಯೇ. ಎಲ್ಲರ ಗುರುತಿನ ಚೀಟಿಯ ಮೂಲ ಪ್ರತಿ ಇಟ್ಟುಕೊಳ್ಳಿ.

* ರೈಲಿನಲ್ಲಿ ಬರುವವರು ನೆನಪಿಡಿ, ಕಾರವಾರ ನಿಲ್ದಾಣ ಊರೊಳಗಿಲ್ಲ, ಹೊರಗೆ ಶಿರವಾಡದಲ್ಲಿದೆ.

* ಹೋಗುವಾಗ ಮನೆಯಲ್ಲಿ ಸೇನೆ ಸೇರುವ ಆಸೆಯ ಮಕ್ಕಳಿದ್ದರೆ ಅವರನ್ನಷ್ಟೇ ಅಲ್ಲ, ಅವರ ತಾಯಂದಿರನ್ನೂ ಕರೆದೊಯ್ಯಿರಿ. ಕೇಳಬೇಕಾದ ಪ್ರಶ್ನೆಗಳು ಅವರಿಗೇ ಗೊತ್ತಿರುವುದು.